ಒಂದು ಸೋವಿ ಊರು ಬೇಕಾಗಿತ್ತು

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ಗೋಡೆಯ ಮೇಲಿನ ದೇವರನ್ನು ನೋಡುತ್ತಾರೆ. ನಾನು ಮೊಬೈಲು ತೆಗೆದು ಹವೆ ನೋಡುತ್ತೇನೆ. ರಾಣೆಬೆನ್ನೂರಿನ ಹವೆಯಲ್ಲ, ಅದಕ್ಕೆ ಮನೆಗೊಂದು ಕಿಟಕಿ ಇದೆ. ನಾನು ನೋಡುವುದು ಅಮೆರಿಕದ ನಾಲ್ಕು ಸಣ್ಣ ಊರುಗಳ ಹವೆ. ಆ ನಾಲ್ಕರಲ್ಲಿ ಒಂದೂರಿನಲ್ಲಿ ನನ್ನ ಹೆಂಡತಿ ಗಿರಿಜಾ ಓದುತ್ತಿದ್ದಾಳೆ. ಉಳಿದ ಮೂರರಲ್ಲಿ ನಮ್ಮವರು ಅನ್ನುವವರು ಯಾರೂ ಇಲ್ಲ. ಆದರೂ ಅಲ್ಲಿ ಮೋಡ ಮುಸುಕಿದೆಯೋ, ಬಿಸಿಲು ಬಿದ್ದಿದೆಯೋ ಎಂದು ತಿಳಿಯದೆ ನನಗೆ ಚಹಾ ರುಚಿಸುವುದಿಲ್ಲ.

"ಅವ್ವ ಇಲ್ಲದ ಊರಾಗ ಮಳಿ ಆದ್ರ ನಮಗೇನಾಗಬೇಕೈತಿ?" ಎಂದು ಮಗಳು ಚಿನ್ನು ಕೇಳುತ್ತಾಳೆ. ಐದನೆಯ ತರಗತಿಯ ಹುಡುಗಿ, ಅವಳ ತರ್ಕ ಸರಿಯೇ. ನಾನು ಒಂದೆರಡು ಸಲ ಆ ಮೂರು ಊರುಗಳನ್ನು ಅಳಿಸಿಹಾಕಲು ನೋಡಿದೆ, ಬೆರಳು ಏಳಲಿಲ್ಲ. ನಮ್ಮ ಕಾಕಾ ಒಬ್ಬನಿದ್ದ. ಕನ್ಯೆ ನೋಡಲು ಹೋಗಿ, ಅವಲಕ್ಕಿ ತಿಂದು, ಕಡೆಗೆ ಬೇಡವೆಂದು ಬಂದ ಮನೆಗಳ ಮುಂದೆ ಹಾದುಹೋಗುವಾಗ ತಲೆಯನ್ನೇನೋ ತಗ್ಗಿಸುತ್ತಿದ್ದ, ಆದರೆ ನಡಿಗೆಯನ್ನು ನಿಧಾನ ಮಾಡುತ್ತಿದ್ದ. ನನ್ನದೂ ಅದೇ ಜಾತಿಯ ರೋಗ. ಅವನಿಗೆ ಮನೆಗಳು, ನನಗೆ ಊರುಗಳು.

ಇದು ಹೇಗೆ ಹತ್ತಿಕೊಂಡಿತು ಎಂದು ಹೇಳಬೇಕು. ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಮಾಸ್ತರ. ಗಿರಿಜಾ ಹಾವೇರಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಗಳ ವಿಷಯ ಕಲಿಸುತ್ತಿದ್ದಳು. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗುವುದು, ಸಂಜೆ ರೈಲಿನಲ್ಲಿ ಬರುವುದು. ನಡುವೆ ಬ್ಯಾಡಗಿ, ಅವಳ ತವರು. ದಿನಕ್ಕೆ ಎರಡು ಸಲ ತವರನ್ನು ಕಿಟಕಿಯಿಂದ ನೋಡಿ, ಇಳಿಯದೆ ಮುಂದೆ ಹೋಗುವ ಹೆಣ್ಣುಮಕ್ಕಳು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ. ಮೆಣಸಿನಕಾಯಿಯ ಹಂಗಾಮಿನಲ್ಲಿ ರೈಲು ಬ್ಯಾಡಗಿ ಹತ್ತಿರವಾದ ಹಾಗೆ ಡಬ್ಬಿಯಲ್ಲಿದ್ದವರೆಲ್ಲ ಸೀನುತ್ತಾರೆ. ಅವಳೊಬ್ಬಳು ಮಾತ್ರ ಉಸಿರು ಎಳೆದುಕೊಳ್ಳುತ್ತಿದ್ದಳಂತೆ.

ಅವಳ ಹತ್ತಿರ ಡಿಪ್ಲೊಮಾ ಕಲಿತವರು ಮುಂದೆ ಬಿ.ಇ. ಮುಗಿಸಿ, ಹೊರದೇಶಕ್ಕೆ ಅರ್ಜಿ ಹಾಕುವಾಗ ತಿರುಗಿ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಶಿಫಾರಸು ಪತ್ರ ಬರೆದುಕೊಡಬೇಕು. ಬೇರೆಯವರು ಒಂದೇ ಪತ್ರಕ್ಕೆ ಹೆಸರು ಬದಲಿಸಿ ಕೊಡುತ್ತಿದ್ದರೆ, ಇವಳು ಹುಡುಗ ವರ್ಕ್‌ಶಾಪಿನಲ್ಲಿ ಕಬ್ಬಿಣ ಹೇಗೆ ಹಿಡಿಯುತ್ತಿದ್ದ ಎನ್ನುವುದನ್ನೂ ನೆನಪಿಸಿಕೊಂಡು ಬರೆಯುತ್ತಿದ್ದಳು. ಒಂದು ಸಂಜೆ ಸಮೀನಾ ಎಂಬ ಹಾವೇರಿಯ ಹುಡುಗಿಗೆ ಹೀಗೆ ಪತ್ರ ಬರೆದು ಮುಗಿಸಿ, ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಎರಡೂ ಕೈ ಇಟ್ಟು ಕೂತಳು.

"ಎಲ್ಲಾರಿಗೂ ನಾ ಬರದೆ," ಅಂದಳು. "ಎಲ್ಲಾರೂ ಹೋದ್ರು. ನನಗ ಯಾರು ಬರೀಬೇಕ್ರಿ?"

"ನಾ ಬರೀತೇನಿ. ಆದ್ರ ಕನ್ನಡದಾಗ," ಅಂದೆ.

ಅವಳು ನಗಲಿಲ್ಲ. ನಾನು ಎಂಥ ವಿನೋದ ಮಾಡಿದರೂ ಒಂದು ಔಪಚಾರಿಕ ನಗೆಯನ್ನಾದರೂ ಕೊಡುವ ಹೆಂಗಸು ಅವಳು. ಅಂದು ಕೊಡಲಿಲ್ಲ. ಆಗಲೇ ನನಗೆ ತಿಳಿಯಬೇಕಾಗಿತ್ತು. ಮರುದಿನ ಅವಳ ರೈಲಿನ ಚೀಲದಲ್ಲಿ ಬುತ್ತಿಯ ಪಕ್ಕ ಇಂಗ್ಲಿಷ್ ಶಬ್ದಗಳ ಒಂದು ದಪ್ಪ ಪುಸ್ತಕ ಇತ್ತು.

ಆ ಚಳಿಗಾಲವೆಲ್ಲ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಇಂಗ್ಲಿಷ್ ಶಬ್ದಗಳು ತಾಳ ಹಿಡಿದು ಬರುತ್ತಿದ್ದವು. ರೊಟ್ಟಿ ಹಂಚಿಗೆ ಬೀಳುವಾಗ ಶಬ್ದ, ಮಗುಚುವಾಗ ಅರ್ಥ. ಕೆಲವು ಶಬ್ದಗಳು ಎಷ್ಟು ಸುಂದರವಾಗಿದ್ದವೆಂದರೆ, ಅವುಗಳ ಅರ್ಥ ಕೇಳಬಾರದೆಂದು ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಪರೀಕ್ಷೆ ಹುಬ್ಬಳ್ಳಿಯಲ್ಲಿ ಆಯಿತು. ಅಂಕಗಳು ಚೆನ್ನಾಗಿಯೇ ಬಂದವು. ಅವಳ ಪ್ರಾಂಶುಪಾಲರೂ, ಅವಳು ಬಿ.ಇ. ಓದುವಾಗ ಕಲಿಸಿದ ಇಬ್ಬರು ಮುದಿ ಪ್ರಾಧ್ಯಾಪಕರೂ ಪತ್ರ ಬರೆದುಕೊಟ್ಟರು. ನನ್ನನ್ನು ಯಾರೂ ಕೇಳಲಿಲ್ಲ.

ಅದೇ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ವಿದೇಶೀ ಓದಿನ ಸಲಹೆ ಕೊಡುವ ಒಂದು ಕಚೇರಿಗೆ ಹೋದೆವು. ಗಾಜಿನ ಬಾಗಿಲು, ಒಳಗೆ ತಂಪು ಗಾಳಿ, ಗೋಡೆಯ ತುಂಬ ಹುಲ್ಲಿನ ಮೇಲೆ ಕೂತು ನಗುವ ಹುಡುಗ ಹುಡುಗಿಯರ ಚಿತ್ರಗಳು. ಟೈ ಕಟ್ಟಿದ್ದ ತರುಣ ನಮ್ಮನ್ನು ಬಹಳ ಗೌರವದಿಂದ ಕೂರಿಸಿ, ನಮ್ಮ ಹಿಂದೆ ಬಾಗಿಲ ಕಡೆ ನೋಡಿದ.

"ಮಗಾ ಬರ್ಲಿಲ್ಲೇನ್ರಿ ಸರ್? ಯಾವ ಬ್ರಾಂಚು?"

"ಮೆಕ್ಯಾನಿಕಲ್," ಅಂದಳು ಗಿರಿಜಾ. "ನಾನ ಬಂದೇನಲ್ರಿ. ಹೇಳ್ರಿ."

ತರುಣ ಕೆಂಪಾದ. ಸಾವರಿಸಿಕೊಂಡು ಒಂದು ಹೊಳೆಯುವ ಪುಸ್ತಿಕೆ ತೆಗೆದು ಒಂದು ಖಾಸಗಿ ವಿಶ್ವವಿದ್ಯಾಲಯವನ್ನು ಬಾಯ್ತುಂಬ ಹೊಗಳಿದ. ಅಲ್ಲಿ ಪ್ರಯೋಗಾಲಯದಲ್ಲಿ ಏನೇನು ಯಂತ್ರಗಳಿವೆ ಎಂದು ಇವಳು ಕೇಳಿದಳು. ಅಲ್ಲಿಂದ ಸಮುದ್ರ ಕಾಣುತ್ತದೆ ಎಂದು ಅವನು ಹೇಳಿದ. ಫೀ ಎಷ್ಟು ಎಂದು ಕೇಳಿದಾಗ ಅವನು ಬಾಯಿಂದ ಹೇಳದೆ ಒಂದು ಹಾಳೆಯ ಮೇಲೆ ಬರೆದು ತಿರುಗಿಸಿ ಇಟ್ಟ. ಹೆಣದ ಮುಖ ನೋಡಿದ ಹಾಗೆ ಒಂದು ಸಲ ನೋಡಿ ನಾವು ಎದ್ದು ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಗಿರ್ಮಿಟ್ ತಿನ್ನುತ್ತ ಅವಳು ಅಂದಳು: "ನಮಗ ಒಂದು ಸೋವಿ ಊರು ಬೇಕ್ರಿ. ಚಲೋ ಮಾಸ್ತರು ಇರಬೇಕು, ಊರು ಸೋವಿ ಇರಬೇಕು. ಸಮುದ್ರ ಬ್ಯಾಡ."

ಅಂದಿನಿಂದ ಹುಡುಕಾಟ. ಹೆಸರು ಕೇಳಿದ್ದ ಊರುಗಳೆಲ್ಲ ಮೊದಲ ವಾರದಲ್ಲೇ ಬಿದ್ದುಹೋದವು. ಯಾವ ವಿಶ್ವವಿದ್ಯಾಲಯವನ್ನು ಅಲ್ಲಿನ ರಾಜ್ಯ ಸರ್ಕಾರವೇ ನಡೆಸುತ್ತದೆ, ಎಲ್ಲಿ ಬಾಡಿಗೆ ಕಡಿಮೆ, ಎಲ್ಲಿ ವಿಭಾಗದವರು ವಿದ್ಯಾರ್ಥಿಗೆ ಪ್ರಯೋಗಾಲಯದಲ್ಲಿ ಕೆಲಸ ಕೊಟ್ಟು ಫೀ ಬಿಡುತ್ತಾರೆ, ಇವನ್ನು ಅವಳು ನೋಡುತ್ತಿದ್ದಳು. ಕಡೆಗೆ ಉಳಿದದ್ದು ನಾಲ್ಕು ಊರು. ಅವುಗಳ ಹೆಸರು ನಮ್ಮ ನಾಲಿಗೆಗೆ ಸರಿಯಾಗಿ ಕೂರದೆ, ನಾವೇ ಹೆಸರಿಟ್ಟೆವು. ಉತ್ತರದಲ್ಲಿ ದೊಡ್ಡ ಸರೋವರದ ದಂಡೆಯ ಮೇಲಿನದು ಕೆರಿಯೂರು. ದಕ್ಷಿಣದಲ್ಲಿ ಮರಳಿನ ನಡುವೆ ಇದ್ದದ್ದು ಬಿಸಿಲೂರು. ಬೆಟ್ಟದ ಬುಡದ್ದು ಗುಡ್ಡದೂರು. ನಟ್ಟನಡುವೆ, ದಿಕ್ಕು ದೆಸೆ ಇಲ್ಲದೆ, ಸುತ್ತ ಗೋವಿನಜೋಳದ ಹೊಲಗಳ ಮಧ್ಯೆ ಬಿದ್ದುಕೊಂಡಿದ್ದದ್ದು ಜೋಳದೂರು. ಅರ್ಜಿ ನಾಲ್ಕಕ್ಕೂ ಹೋಯಿತು.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಿಕೊಳ್ಳಬೇಕು. ನಾನು ಹುಟ್ಟಿದ್ದು ಹಲಗೇರಿಯಲ್ಲಿ. ನಮ್ಮ ಸಾಲಿಯಲ್ಲಿ ಒಂದು ಭೂಗೋಳ ಇತ್ತು. ಹೆಡ್‌ಮಾಸ್ತರರ ಕಪಾಟಿನ ಮೇಲೆ ಕೂತಿರುತ್ತಿದ್ದ ಅದನ್ನು ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಇಳಿಸಿ ಒರೆಸುತ್ತಿದ್ದರು. ಅದರ ಅಡಿಯ ತಿರುಪು ಸಡಿಲಾಗಿತ್ತು. ಹೇಗೆ ತಿರುಗಿಸಿ ಬಿಟ್ಟರೂ ಉರುಳಿ ಬಂದು, ದೊಡ್ಡ ನೀಲಿ ಸಮುದ್ರ ಒಂದನ್ನೇ ತೋರಿಸಿ ನಿಲ್ಲುತ್ತಿತ್ತು. ಹೀಗಾಗಿ ಹಲಗೇರಿಯ ಹುಡುಗರಾದ ನಮಗೆ ಭೂಮಿ ಎಂದರೆ ನೀರು. ದೇಶಗಳೆಲ್ಲ ಅದರ ಹಿಂದೆ, ಗೋಡೆಯ ಕಡೆ ಮುಖ ಮಾಡಿ ಇರುವ ನಾಚಿಕೆಯ ಜನ. ಅಮೆರಿಕವನ್ನು ನಾನು ಒಂದು ಸಲವೂ ಪೂರ್ತಿ ನೋಡಲಿಲ್ಲ. ಅಂಥವನ ಕೈಗೆ ಈಗ ಒಂದು ಫೋನು ಕೊಟ್ಟು, ಅದರಲ್ಲಿ ಆ ದೇಶದ ಬೀದಿ ಬೀದಿ ನಡೆಯಬಹುದು ಎಂದರೆ ಏನಾಗಬೇಕು?

ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಅಡ್ಡಾಗಿ ನಾನು ಕೆರಿಯೂರಿನಲ್ಲಿ ಅಡ್ಡಾಡಲು ಹೋಗುತ್ತಿದ್ದೆ. ಬೆರಳಿನಿಂದ ಒತ್ತಿದರೆ ಹತ್ತು ಮಾರು ಮುಂದೆ. ಇಟ್ಟಿಗೆಯ ಗ್ರಂಥಾಲಯ, ಅದರ ಮುಂದೆ ಎರಡು ಮೇಪಲ್ ಮರ, ನೀಲಿ ಬಾಗಿಲಿನ ಒಂದು ಬೇಕರಿ, ಮೆಟ್ಟಿಲ ಮೇಲೆ ನಿಂತು ಬಟ್ಟೆ ಝಾಡಿಸುತ್ತಿದ್ದ ಹೆಂಗಸು. ಬೀದಿ ಮುಗಿದಲ್ಲಿ ಕೆರೆ. ಕೆರೆ ಎಂದರೆ ಆ ದಂಡೆ ಕಾಣದಂಥದು. ದಂಡೆಯ ಮೇಲೆ ಒಂದು ಬೆಂಚು. ಆ ಬೆಂಚಿನ ಮೇಲೆ ನಾನು ಎಷ್ಟು ಮಧ್ಯಾಹ್ನ ಕೂತಿದ್ದೇನೋ. ನನ್ನ ಪಕ್ಕ ಗಿರಿಜಾ ಕೂತು ಕೈಯಲ್ಲಿ ಶೇಂಗಾ ಹಿಡಿದಿರುತ್ತಿದ್ದಳು. ಚಿನ್ನು ನೀರಿನ ಅಂಚಿನಲ್ಲಿ ಕಲ್ಲು ಆರಿಸುತ್ತಿದ್ದಳು. ಫ್ಯಾನು ತಿರುಗುತ್ತಿತ್ತು, ಹೊರಗೆ ಆಟೋದವರು ಹಾವೇರಿ, ಹರಿಹರ ಎಂದು ಕೂಗುತ್ತಿದ್ದರು, ನನಗೆ ಕೆರೆಯ ಗಾಳಿ ಬಂದು ತಾಕುತ್ತಿತ್ತು.

ಅರ್ಜಿ ಹಾಕಿದವಳು ಅವಳು, ಕನಸು ಬಿದ್ದದ್ದು ನನಗೆ. ಅವಳಿಗೆ ಕನಸು ಕಾಣಲು ಪುರುಸೊತ್ತು ಇರಲಿಲ್ಲ.

ಒಂದು ರವಿವಾರ ಬ್ಯಾಡಗಿಗೆ ಹೋದೆವು. ನನ್ನ ಮಾವ, ಎಂದರೆ ಗಿರಿಜಾಳ ತಂದೆ, ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡವರು. ಹೆಂಡತಿ ತೀರಿದ ಮೇಲೆ ಅಡುಗೆಗೆ ಒಬ್ಬ ಹೆಂಗಸನ್ನಿಟ್ಟುಕೊಂಡು ಹಾಯಾಗಿದ್ದಾರೆ. ಮಗಳು ಅಮೆರಿಕಕ್ಕೆ ಓದಲು ಹೋಗುವ ವಿಚಾರ ಹೇಳಿದಾಗ ಅವರು ಬೈಯುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಈ ವಯಸ್ಸಿನಲ್ಲಿ ಎಂಥ ಸಾಲಿ ಎನ್ನುತ್ತಾರೆ ಎಂದು ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದರು.

"ಸೋವಿ ಐತಿ ಅಂದಿ. ಯಾಕ ಸೋವಿ ಐತಿ?"

"ಸರ್ಕಾರದ್ದು ಅಪ್ಪಾ. ಸಣ್ಣ ಊರು."

"ಅದಲ್ಲ. ಮಾಲು ಸೋವಿ ಇದ್ರ ಒಂದು ಕಾರಣ ಇರ್ತೈತಿ. ಮ್ಯಾಲಿನ ಕಾಯಿ ಎಲ್ಲಾರೂ ಚಂದಾನ ಇಡ್ತಾರ. ರಾಶಿ ಒಳಗ ಕೈ ಹಾಕು. ತಳದಾಗ ಹಸಿ ಐತೇನೋ ನೋಡು."

ತಳದಲ್ಲಿ ಕೈ ಹಾಕುವುದು ಹೇಗೆ? ಗಿರಿಜಾಳಿಗೆ ಸಮೀನಾ ನೆನಪಾದಳು. ಪತ್ರ ಬರೆಸಿಕೊಂಡು ಹೋದ ಆ ಹುಡುಗಿ ಅಷ್ಟರಲ್ಲಿ ಅಮೆರಿಕ ಸೇರಿ ಒಂದು ವರ್ಷವಾಗಿತ್ತು. ಅದೂ ಎಲ್ಲಿ, ನನ್ನ ಕೆರಿಯೂರಿನಲ್ಲಿ. ನನಗೆ ನಮ್ಮದೇ ಊರಿನವಳು ಅಲ್ಲಿ ಇದ್ದ ಹಾಗೆ ಸಂತೋಷವಾಯಿತು. ವಿಡಿಯೋ ಕರೆಯಲ್ಲಿ ಅವಳು ಕಂಡ ಕೂಡಲೇ ನಾನು ಮುಂದೆ ಬಾಗಿ, "ಕೆರಿ ಹೆಂಗೈತಿ?" ಎಂದು ಕೇಳಿದೆ.

"ಕೆರಿ ಚಂದ ಐತ್ರಿ ಸರ್," ಅಂದಳು ಸಮೀನಾ. "ಆದ್ರ ಕೆರಿ ನೋಡಾಕ ಮಂದಿ ಬರ್ತಾರಲ್ರಿ, ಅದಕ್ಕ ಬಾಡಿಗಿ ಸಿಕ್ಕಂಗ ಏರೇತಿ. ನಾವು ನಾಲ್ಕು ಮಂದಿ ಒಂದ ಖೋಲಿಯಾಗ ಅದೇವಿ." ಆಮೇಲೆ ಗಿರಿಜಾಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದಳು: "ಮೇಡಂ, ನಿಮಗ ಖರೇ ಹೇಳ್ತೇನ್ರಿ. ಇಲ್ಲಿ ಮಾಸ್ಟರ್ಸ್ ಮಂದಿಗೆ ಲ್ಯಾಬಿನಾಗ ಕೆಲಸ ಕೊಡಂಗಿಲ್ಲ. ವೆಬ್‌ಸೈಟಿನಾಗ ಕೊಡ್ತೇವಿ ಅಂತ ಬರದಾರ. ಕೇಳಾಕ ಹೋದ್ರ ಪಿಎಚ್.ಡಿ.ಯವರಿಗೆ ಅಂತಾರ. ನೀವು ಬರೂದಿದ್ರ ನನಗ ಭಾಳ ಚಲೋ ಆಗ್ತಿತ್ತು. ಆದ್ರೂ ಬರಬ್ಯಾಡ್ರಿ."

ಕೆರಿಯೂರು ಹೀಗೆ ಮುಳುಗಿತು. ನಾನು ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಎಂದೂ ಕಾಣದ ಒಂದು ಊರಿಗಾಗಿ ನಲವತ್ತು ದಾಟಿದ ಗಂಡಸು ಮುಖ ಉಬ್ಬಿಸಿಕೊಂಡು ಕೂತದ್ದನ್ನು ನೋಡಿ ಚಿನ್ನು ತನ್ನ ಪಾಲಿನ ಚಕ್ಕುಲಿಯಲ್ಲಿ ಅರ್ಧ ಮುರಿದು ಕೊಟ್ಟಳು. ಸಮೀನಾ ತನ್ನ ಗೆಳತಿಯರಿಂದ ಉಳಿದ ಊರುಗಳ ಸುದ್ದಿಯನ್ನೂ ತರಿಸಿದಳು. ಬಿಸಿಲೂರಿನಲ್ಲಿ ಕಾರಿಲ್ಲದೆ ಉಪ್ಪು ಕೂಡ ತರಲಾಗದಂತೆ. ಗುಡ್ಡದೂರಿನಲ್ಲಿ ಇವಳಿಗೆ ಬೇಕಾದ ಪಾಠಗಳನ್ನೇ ನಿಲ್ಲಿಸುವ ಮಾತು ನಡೆದಿದೆಯಂತೆ. ಉಳಿದದ್ದು ಜೋಳದೂರು.

ಜೋಳದೂರಿನ ಬೀದಿಗಳಲ್ಲಿ ನಾನು ಮನಸ್ಸಿಲ್ಲದ ಮನಸ್ಸಿನಿಂದ ನಡೆದೆ. ನೆಟ್ಟಗಿನ ರಸ್ತೆ, ಆ ಕಡೆ ಈ ಕಡೆ ತಗ್ಗು ಮನೆಗಳು, ಒಂದು ನೀರಿನ ಟಾಕಿ, ಆಕಾಶಕ್ಕೆ ನಿಂತ ಕಾಳಿನ ಉಗ್ರಾಣಗಳು, ಆಮೇಲೆ ಹೊಲ. ಎಷ್ಟು ಒತ್ತಿದರೂ ಹೊಲ. ಅಲ್ಲಿನ ಒಬ್ಬ ಪ್ರಾಧ್ಯಾಪಕರು ಕಾಳು ಒಣಗಿಸುವ ಯಂತ್ರಗಳ ಮೇಲೆ ಕೆಲಸ ಮಾಡುತ್ತಿದ್ದರು. ಗಿರಿಜಾ ಅವರಿಗೆ ಒಂದು ಮೇಲ್ ಬರೆದಿದ್ದಳು, ತನ್ನೂರಿನ ಮೆಣಸಿನಕಾಯಿ ಬಿಸಿಲಿನಲ್ಲಿ ಹೇಗೆ ಒಣಗುತ್ತದೆ ಎಂದು. ಅವರು ಒಂದೇ ಸಾಲಿನಲ್ಲಿ ತಿರುಗಿ ಕೇಳಿದ್ದರು: ಒಣಗುವ ನಡುವೆ ಮಳೆ ಬಂದರೆ ನೀವು ಏನು ಮಾಡುತ್ತೀರಿ?

ಆ ಪ್ರಶ್ನೆಯನ್ನು ಓದಿ ಗಿರಿಜಾ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನನಗೆ ಹೇಳಿದಳು. ಅವಳು ಚಿಕ್ಕವಳಿದ್ದಾಗ ಹಂಗಾಮಿನ ನಡುವೆ ಒಂದು ಮಧ್ಯಾಹ್ನ ಅಕಾಲದ ಮೋಡ ಕಟ್ಟಿತಂತೆ. ಓಣಿಯ ಜನವೆಲ್ಲ ಒಣಹಾಕಿದ ಕಾಯಿಯ ಕಡೆ ಓಡಿದರು. ಯಾರದು ಯಾರ ರಾಶಿ ಎಂದು ನೋಡದೆ ತಾಡಪತ್ರಿ ಎಳೆದರು. ಒಂದು ರಾಶಿಗೆ ತಾಡಪತ್ರಿ ಸಾಲದೆ ಹೋದಾಗ ಅವಳ ಅವ್ವ ಮನೆಯೊಳಗೆ ಓಡಿ, ಹಾಸಿಗೆ, ಕಂಬಳಿ, ಕಡೆಗೆ ಟ್ರಂಕಿನಿಂದ ಮದುವೆಯ ಶಾಲನ್ನೂ ತಂದು ಹೊದಿಸಿದಳು. ಮಳೆ ನಿಂತ ಮೇಲೆ ಕಾಯಿ ಉಳಿಯಿತು, ಶಾಲು ಹೋಯಿತು. "ಅವ್ವ ಕಣ್ಣೀರು ಹಾಕಿದ್ಲೋ ಇಲ್ಲೋ ನನಗ ಗೊತ್ತಾಗ್ಲಿಲ್ರಿ. ಬ್ಯಾಡಗಿಯೊಳಗ ಯಾರು ಅತ್ರೂ ಘಾಟಿಗೆ ಅಂತಾನ ತಿಳೀತಾರ," ಅಂದಳು.

ಇದನ್ನೆಲ್ಲ ಅವಳು ಆ ಪ್ರಾಧ್ಯಾಪಕರಿಗೆ ಬರೆದಳು. ಶಾಲಿಗೆ ಇಂಗ್ಲಿಷಿನಲ್ಲಿ ಏನನ್ನುವುದು ಎಂದು ಹುಡುಕಿ, ಅದೂ ಶಾಲೇ ಎಂದು ತಿಳಿದು ನಕ್ಕಳು. ಕೆಲವು ವಾರಗಳ ಮೇಲೆ ಜೋಳದೂರಿನಿಂದ ಪ್ರವೇಶ ಬಂತು. ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ಕೆಲಸ, ಅದಕ್ಕೆ ಪ್ರತಿಯಾಗಿ ಫೀ ಮಾಫಿ, ಮೇಲೆ ಒಬ್ಬರು ಜೀವನ ಮಾಡುವಷ್ಟು ಸಂಬಳ. ಮಳೆ ಬಂದಾಗ ನಮ್ಮ ಅಪ್ಪನೂ ಓಡುತ್ತಿದ್ದ ಎಂದು ಅವರು ಕೊನೆಯಲ್ಲಿ ಬರೆದಿದ್ದರು.

ಕಥೆ ಇಲ್ಲಿಗೆ ಸುಲಭವಾಗಿ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಮಾವನ ಒತ್ತಾಯಕ್ಕೆ ಅವಳು ಐದನೆಯದೊಂದು ಅರ್ಜಿ ಹಾಕಿದ್ದಳು, ನಮ್ಮ ಕಡೆಯ ಸಾಲಿಯ ಹುಡುಗರಿಗೂ ಹೆಸರು ಗೊತ್ತಿರುವಂಥ ಒಂದು ದೊಡ್ಡ ವಿಶ್ವವಿದ್ಯಾಲಯಕ್ಕೆ. ಅಲ್ಲಿಂದಲೂ ಪ್ರವೇಶ ಬಂತು. ಫೀಯಲ್ಲಿ ಒಂದು ಪೈಸೆಯ ರಿಯಾಯಿತಿಯೂ ಇರಲಿಲ್ಲ. ಸೋವಿ ಯಾಕೆ ಎಂದು ಕೇಳಿದ್ದ ಮನುಷ್ಯ ತುಟ್ಟಿ ಯಾಕೆ ಎಂದು ಕೇಳಲಿಲ್ಲ. ಮರುದಿನದ ಹೊತ್ತಿಗೆ ಮಾರುಕಟ್ಟೆಯ ಹಮಾಲರಿಂದ ಹಿಡಿದು ಕೋಲ್ಡ್ ಸ್ಟೋರೇಜಿನ ಮಾಲೀಕರವರೆಗೆ ಎಲ್ಲರಿಗೂ ಮಾವ ಆ ಹೆಸರು ಹೇಳಿ ಪೇಢೆ ಹಂಚಿಬಿಟ್ಟಿದ್ದರು.

ನಾವು ಹೋದಾಗ ಅವರು ಮಾಳಿಗೆಯ ಮೇಲೆ ಕೂತಿದ್ದರು. ಸಂಜೆಯ ಬಿಸಿಲು. ದೂರದಲ್ಲಿ ಮಾರುಕಟ್ಟೆಯ ಕಡೆ ನೆಲವೆಲ್ಲ ಕೆಂಪು ಹಾಸಿದಂತಿತ್ತು.

"ಹೆದ್ದಾರಿ ಕಡೆ ಪ್ಲಾಟು ಐತಲ್ಲ, ಅದನ್ನ ಕೊಡ್ತೇನಿ," ಅಂದರು ಮಾವ. "ನಿನಗಂತನ ಇಟ್ಟಿದ್ದು. ದೊಡ್ಡ ಊರಿಗೇ ಹೋಗು."

"ಬ್ಯಾಡ ಅಪ್ಪಾ. ಜೋಳದೂರಿಗೆ ಹೋಗ್ತೇನಿ."

"ಅದು ಯಾವ ಊರು? ಯಾರಿಗಾರ ಗೊತ್ತೈತೇನು? ಮಂದಿ ಕೇಳಿದ್ರ ಏನಂತ ಹೇಳ್ಲಿ?"

ಗಿರಿಜಾ ಅಪ್ಪನ ಎದುರು ಎಂದೂ ದನಿ ಏರಿಸಿದವಳಲ್ಲ. ಅಂದೂ ಏರಿಸಲಿಲ್ಲ. "ದೊಡ್ಡ ಊರಾಗ ನಾನೂರು ಮಂದ್ಯಾಗ ನಾ ಒಬ್ಬಾಕಿ ಅಪ್ಪಾ. ಅಲ್ಲಿ ನಾ ದುಡ್ಡು ಕೊಟ್ಟು ಪಾಠ ಕೇಳಿ ಬರಬೇಕು. ಜೋಳದೂರಾಗ ಒಬ್ರು ನನ್ನ ಮಾತು ಕೇಳ್ಯಾರ. ನನಗ ಅದ ಬೇಕಾಗೈತಿ. ಈಗ ನೀ ಹೇಳು, ನಾ ನಿನ್ನ ಹೆಸರಿಗೆ ಹೋಗ್ಲ್ಯೋ, ನನ್ನ ಓದಿಗೆ ಹೋಗ್ಲ್ಯೋ?"

ಮಾವ ಎಲೆಯ ಚೀಲ ಬಿಚ್ಚಿದರು, ಮತ್ತೆ ಕಟ್ಟಿದರು. ನಾನು ಮಾಳಿಗೆಯ ಕಟ್ಟೆಯ ಮೇಲೆ ಕೈಯಿಟ್ಟು, ಅಳಿಯನಾದವನು ಇಂಥ ಹೊತ್ತಿನಲ್ಲಿ ನೋಡಬೇಕಾದ ದಿಕ್ಕು ಯಾವುದು ಎಂದು ತಿಳಿಯದೆ ಆಕಾಶ ನೋಡಿದೆ. ಕೊನೆಗೆ ಅವರು ನನ್ನ ಕಡೆ ಕೈ ಚಾಚಿದರು.

"ಮಾಸ್ತರ, ಆ ಊರು ತೋರಸ್ರಿ ನೋಡೂಣು."

ತೋರಿಸಿದೆ. ಅವರು ಕನ್ನಡಕ ಏರಿಸಿ, ಫೋನನ್ನು ದೂರ ಹಿಡಿದು, ಬೀದಿಯಲ್ಲಿ ಬೆರಳು ಒತ್ತುತ್ತ ಹೋದರು. ಆ ಎತ್ತರದ ಉಗ್ರಾಣಗಳ ಮುಂದೆ ನಿಂತುಬಿಟ್ಟರು. ಅಲ್ಲಿ ಕಾಳು ತುಂಬಿದ ಲಾರಿಗಳು ಸಾಲಾಗಿ ನಿಂತಿದ್ದ ಚಿತ್ರವಿತ್ತು.

"ಇದು ಗೋಡೌನೇನ್ರಿ?"

"ಹೌದ್ರಿ ಮಾವಾರ. ಗೋವಿನಜೋಳದ್ದು."

"ಲಾರಿ ಸರತಿ ಹಚ್ಚ್ಯಾವಲ್ಲ," ಅಂದರು. ಅವರ ದನಿ ಬೇರೆಯಾಗಿತ್ತು. "ಹಂಗಾರ ಮಾರ್ಕೆಟ್ ಊರು. ಮೊದ್ಲ ಹೇಳಬಾರದೇನು?" ಮಗಳನ್ನು ನೋಡದೆ, ಫೋನನ್ನೇ ನೋಡುತ್ತ ಮುಂದುವರಿಸಿದರು: "ಮಾರ್ಕೆಟ್ ಊರಾಗ ಮಂದಿ ಒರಟು ಇರ್ತಾರ, ಕೆಟ್ಟವರು ಇರಂಗಿಲ್ಲ. ಹೋಗು."

ರೈಲಿನಲ್ಲಿ ತಿರುಗಿ ಬರುವಾಗ ನಾನು ಬಹಳ ಉತ್ಸಾಹದಲ್ಲಿದ್ದೆ. ಗಿರಿಜಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆ ಸಂಬಳ ಒಬ್ಬರಿಗೆ ಮಾತ್ರ ಸಾಲುತ್ತದೆ ಎನ್ನುವುದು ಪತ್ರ ಬಂದ ದಿನವೇ ಇಬ್ಬರಿಗೂ ತಿಳಿದಿತ್ತು. ಆ ಮಾತನ್ನು ಮಾತ್ರ ನಾವು ಯಾರೂ ಆಡಿರಲಿಲ್ಲ. ನನ್ನ ಕೆರೆಯ ಬೆಂಚಿನ ಮೇಲೆ ಯಾವಾಗಲೂ ಮೂರು ಜನ ಇರುತ್ತಿದ್ದೆವು. ಆ ಚಂದದ ಊರಿನಲ್ಲಿ ನಾನು ಅಷ್ಟು ದಿನ ತಿರುಗಿದ್ದು, ಅವಳು ಹೋಗುವ ಊರು ನೋಡಲು ಅಲ್ಲ, ಅವಳು ಒಬ್ಬಳೇ ಹೋಗುವುದನ್ನು ನೋಡದೆ ಇರಲು ಎಂದು ಅವತ್ತು ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವೆ ಎಲ್ಲೋ ನನಗೆ ಹೊಳೆಯಿತು.

ಮರುದಿನ ಬೆಳಿಗ್ಗೆ ಚಿನ್ನುವಿಗೆ ಜಡೆ ಹಾಕುತ್ತ ಕೂತಿದ್ದವಳು ಅರ್ಧಕ್ಕೆ ಕೈ ನಿಲ್ಲಿಸಿದಳು.

"ಬ್ಯಾಡ ಬಿಡ್ರಿ," ಅಂದಳು. "ಬಂತಲ್ಲ, ಸಾಕು. ಬರ್ತೈತೋ ಇಲ್ಲೋ ಅಂತ ನೋಡಬೇಕಿತ್ತು, ನೋಡಿದೆ. ಈ ವಯಸ್ಸಿನ್ಯಾಗ ಕೂಸಿನ್ನ ಬಿಟ್ಟು ಎಲ್ಲಿ ಹೋಗೂದು?"

ಈ ಮಾತು ಅವಳ ಬಾಯಿಂದ ಬರಲಿ ಎಂದು ನಾನು ಒಳಗೊಳಗೇ ಕಾದಿದ್ದೆನೇನೋ. ಬಂದಾಗ ಸಂತೋಷವಾಗಬೇಕಾಗಿತ್ತು. ಆಗಲಿಲ್ಲ. ಅವಳು ಅದನ್ನು ಹೇಳುವಾಗ ಮುಖ ಹೇಗಿತ್ತೆಂದರೆ, ಮದುವೆಯ ಶಾಲನ್ನು ರಾಶಿಯ ಮೇಲೆ ಹೊದಿಸಿ ಮಳೆಗೆ ಬಿಟ್ಟ ಆ ಅವ್ವನ ಮುಖ ಹಾಗೇ ಇದ್ದಿರಬೇಕು. ನಾನು ಅವಳ ಕೈಯಿಂದ ಹಣಿಗೆ ತೆಗೆದುಕೊಂಡೆ.

"ಏಳು. ನನಗ ಕಲಿಸು."

"ಏನ?"

"ಜಡಿ ಹಾಕೂದು."

ಅವಳು ನನ್ನನ್ನು ನೋಡಿದಳು. ಚಿನ್ನು ತಲೆ ಅಲ್ಲಾಡಿಸದೆ, ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಅವ್ವಾ, ನಿನ್ನ ಸಾಲಿ ಎಷ್ಟು ವರ್ಷ?"

"ಎರಡು."

"ಪಾಸ ಆದ್ರ ಎರಡು. ನಪಾಸ ಆದ್ರ?"

"ಆಗಂಗಿಲ್ಲ," ಅಂದಳು ಗಿರಿಜಾ.

"ಮತ್ತ ಹೋಗಿ ಬಾ," ಅಂದಳು ಮಗಳು. "ಅಪ್ಪಾ, ಬಿಗಿ ಆತು. ಬಿಡು."

ಹೀಗೆ ತೀರ್ಮಾನವಾಯಿತು. ಪಾಲಿಟೆಕ್ನಿಕ್ಕಿನವರು ಗೊಣಗುತ್ತ ಸಂಬಳವಿಲ್ಲದ ರಜೆ ಕೊಟ್ಟರು. ವೀಸಾ ಕೇಳಲು ಹೋದಾಗ ಕಿಟಕಿಯ ಆಚೆಯವರು ಯಾಕೆ ಅದೇ ವಿಶ್ವವಿದ್ಯಾಲಯ ಎಂದು ಕೇಳಿದರಂತೆ. ಇವಳು ಮೆಣಸಿನಕಾಯಿ ಒಣಗುವುದರಿಂದ ಶುರು ಮಾಡಿದಳಂತೆ. ಸಾಕು ಸಾಕು ಎಂದು ಮುದ್ರೆ ಒತ್ತಿ ಕಳಿಸಿದರಂತೆ. ಶ್ರಾವಣದ ಒಂದು ಸಂಜೆ ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಅವಳನ್ನು ಬೆಂಗಳೂರಿನ ರೈಲಿಗೆ ಹತ್ತಿಸಿದೆವು. ಸಮೀನಾಳ ಅಬ್ಬಾ, ಮಗಳಿಗೆ ಕೊಡಲೆಂದು ಡಬ್ಬಿಯೊಂದನ್ನು ಹಿಡಿದು ಹಾವೇರಿಯಿಂದ ಬಂದಿದ್ದರು. ಕೆರಿಯೂರು, ಜೋಳದೂರು ಎರಡಕ್ಕೂ ನಡುವೆ ಹಗಲಿಡೀ ಬಸ್ಸಿನ ದಾರಿ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಗಿರಿಜಾ ಡಬ್ಬಿ ಇಸಿದುಕೊಂಡಳು. ಅಲ್ಲಿ ಹೋದ ಮೇಲೆ ಅಂಚೆಯಲ್ಲಿ ಕಳಿಸಿದಳು.

ಈಗ ಅವಳದು ಎರಡನೆಯ ವರ್ಷ. ಚೆನ್ನಾಗಿ ಓದುತ್ತಿದ್ದಾಳೆ. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು, ಹುಡುಗರು ಅವಳನ್ನು ಹೆಸರು ಹಿಡಿದೇ ಕರೆಯುತ್ತಾರೆ. ಮೊದಮೊದಲು ಯಾರನ್ನೋ ಕರೆದರು ಎಂದು ಹಿಂದೆ ನೋಡುತ್ತಿದ್ದಳಂತೆ. ಚಳಿ ಮಾತ್ರ ಊರು ಸೋವಿಯಾಗಲು ಏನು ಕಾರಣವೆಂದು ದಿನಾ ತಿಳಿಸಿಕೊಡುತ್ತದೆ. ಪ್ರಾಧ್ಯಾಪಕರ ಜೊತೆ ಕಾಯಿ ಒಣಗಿಸುವ ಒಂದು ಪೆಟ್ಟಿಗೆ ಕಟ್ಟುತ್ತಿದ್ದಾಳೆ. ಅದರಲ್ಲಿ ಒಣಗಿದ ಕಾಯಿಯ ಬಣ್ಣ ಇನ್ನೂ ಸರಿ ಬರುತ್ತಿಲ್ಲ. ಚಿತ್ರ ನೋಡಿ ಮಾವ, "ಬ್ಯಾಡಗಿಯಾಗ ಇದನ್ನ ಯಾರೂ ಮುಟ್ಟಂಗಿಲ್ಲ, ಮತ್ತ ಮಾಡು," ಎನ್ನುತ್ತಾರೆ. ಇವಳು ಮತ್ತೆ ಮಾಡುತ್ತಾಳೆ. ಜಡೆಯ ವಿಷಯದಲ್ಲಿ ನನಗೂ ಚಿನ್ನು ಅದನ್ನೇ ಹೇಳುತ್ತಾಳೆ.

ಮೊನ್ನೆಯ ರವಿವಾರ ಬೆಳಿಗ್ಗೆ ನಾವು ಬ್ಯಾಡಗಿಯಲ್ಲಿದ್ದೆವು. ಮಾಳಿಗೆಯ ಮೇಲೆ ಎಳೆ ಬಿಸಿಲಿಗೆ ಕೂತು, ಮಾವ, ಚಿನ್ನು, ನಾನು, ಮೂವರೂ ಮಂಡಕ್ಕಿ ತಿನ್ನುತ್ತಿದ್ದಾಗ ಗಿರಿಜಾಳ ಕರೆ ಬಂತು. ಅಲ್ಲಿ ಆಗಿನ್ನೂ ಶನಿವಾರದ ಸಂಜೆ, ಕತ್ತಲಾಗಿತ್ತು. ಪ್ರಯೋಗಾಲಯದ ಬಾಗಿಲು ಹಾಕಿ ಮನೆಗೆ ಹೊರಟಿದ್ದಳು. ಟೊಪ್ಪಿಗೆಯೊಳಗೆ ಮೂಗು ಮಾತ್ರ ಕಾಣುತ್ತಿತ್ತು.

"ಹಿಮಾ ಬಿದ್ದೈತಿ," ಅಂದಳು. "ಫೋನು ಹಿಡದ್ರ ಕೈ ಮರಗಟ್ಟಾಕತ್ತಾವ. ಕಿಸೇದಾಗ ಇಡ್ತೇನಿ. ಕಟ್ ಮಾಡಬ್ಯಾಡ್ರಿ."

ಪರದೆ ಕಪ್ಪಾಯಿತು. ಆಮೇಲೆ ಸದ್ದು ಮಾತ್ರ. ಹಿಮದ ಮೇಲೆ ಬೂಟು ಊರುವ ಸದ್ದು, ಕರಕ್, ಕರಕ್. ನಡುವೆ ಬಟ್ಟೆ ಉಜ್ಜುವ ಸದ್ದು, ಅವಳ ಉಸಿರು. ಮಾವ ಫೋನನ್ನು ಮಂಡಕ್ಕಿಯ ತಟ್ಟೆಗೆ ಆನಿಸಿ ನಿಲ್ಲಿಸಿದರು. ಯಾರೂ ಬಾಯಾಡಿಸಲಿಲ್ಲ. ಕೆಳಗೆ ಓಣಿಯಲ್ಲಿ ಯಾರೋ ಬಾಗಿಲಿಗೆ ನೀರು ಹಾಕುತ್ತಿದ್ದರು. ನಮ್ಮ ಬೆನ್ನಿಗೆ ಬಿಸಿಲು ಏರುತ್ತಿತ್ತು. ಅಲ್ಲಿ ಅವಳು ನಡೆಯುತ್ತಲೇ ಇದ್ದಳು.

ಒಮ್ಮೆ ಹೆಜ್ಜೆಗಳು ನಿಂತವು. ಚಿನ್ನು ನನ್ನ ತೋಳು ಹಿಡಿದಳು. ಭಾರದ ಒಂದು ಗಾಡಿ ದೂರದಿಂದ ಬಂದು, ಹತ್ತಿರವಾಗಿ, ದಾಟಿಹೋಯಿತು. ಎಷ್ಟೋ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಮತ್ತೆ, ಮೊದಲಿಗಿಂತ ಲಗುಬಗೆಯಲ್ಲಿ, ಕರಕ್, ಕರಕ್, ಕರಕ್.

ಮಾವ ಕಣ್ಣು ಮುಚ್ಚಿಕೊಂಡೇ ಇದ್ದರು.

"ರಸ್ತಾ ದಾಟಿದ್ಲು," ಅಂದರು.